ಒಳಗಿರುವವರೆಲ್ಲ ಪರಸ್ಪರ ಮಾತಾಡಲಿ

ಎಸ್ಸೆಸ್ಸೆಲ್ಸಿ ಬಂತೆಂದರೆ ನಮ್ಮ ಮನೆಗಳಲ್ಲಿ ಸಂಗೀತದ ಪಾಠ ನಿಲ್ಲುತ್ತದೆ. ಪಿಯುಸಿಗೆ ಚಿತ್ರ ಬಿಡಿಸುವ ಪುಸ್ತಕ ಮೂಲೆ ಸೇರುತ್ತದೆ. ಕೆಲಸಕ್ಕೆ ಸೇರಿದ ಮೇಲೆ ನಾಟಕ ಬಿಟ್ಟುಹೋಗುತ್ತದೆ, ಮಕ್ಕಳಾದ ಮೇಲೆ ಓದು. ನಲವತ್ತರ ಹೊತ್ತಿಗೆ ಸಂಬಳ ತರುವ ಮನುಷ್ಯನೊಬ್ಬ ಮಾತ್ರ ಉಳಿದಿರುತ್ತಾನೆ. ಆಮೇಲೆ ಶುರುವಾಗುತ್ತದೆ ಕೊರಗು: ‘ನನಗೆ ಹೊಸದೇನೂ ಹೊಳೆಯೋದೇ ಇಲ್ಲ, ನಾನು ಕ್ರಿಯೇಟಿವ್ ಅಲ್ಲ.’

ಹೊಳೆಯಬೇಕಾದರೆ ಒಳಗೆ ಇಬ್ಬರಾದರೂ ಇರಬೇಕಲ್ಲ! ನಮ್ಮಲ್ಲಿರುವ ಒಂದು ತಿಳಿವಳಿಕೆ ಇನ್ನೊಂದರ ಮನೆಗೆ ಹೋಗಿ ಕೂತಾಗಲೇ ಹೊಸತು ಹುಟ್ಟುವುದು. ಲೆಕ್ಕ ಬರೆಯುವವಳು, ಹಾಡುವವಳು, ಗಿಡ ನೆಡುವವಳು, ಜಗಳಗಂಟಿ ಎಲ್ಲರೂ ಒಬ್ಬಳಲ್ಲೇ ಇರುತ್ತಾರೆ. ಅವರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂಡಿಹಾಕುವುದನ್ನು ನಾವು ಶಿಸ್ತು ಎಂದುಕೊಂಡಿದ್ದೇವೆ.

ಈ ವಿಷಯ ಬಂದಾಗಲೆಲ್ಲ ನನಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ನೆನಪಾಗುತ್ತದೆ. ಸ್ವಾಮಿ ಸಸ್ಯವಿಜ್ಞಾನಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು, ಪ್ರಿನ್ಸಿಪಾಲರೂ ಆದವರು. ಸಸ್ಯಗಳ ಒಳರಚನೆ, ಭ್ರೂಣದ ಬೆಳವಣಿಗೆ ಅವರ ಸಂಶೋಧನೆಯ ಕ್ಷೇತ್ರ. ಅಂಥವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ್ದನ್ನು ಬರೆದರು. ಪುಸ್ತಕ ತೆರೆದರೆ ಒಂದೇ ಪುಟದಲ್ಲಿ ಎಷ್ಟು ಜನ ಸಿಗುತ್ತಾರೆ ನೋಡಿ: ಗಿಡದ ಕುಲಗೋತ್ರ ಹೇಳುವ ವಿಜ್ಞಾನಿ, ಹುಡುಗರ ಕಾಲೆಳೆಯುವ ಮೇಷ್ಟ್ರು, ಹಳೆಯ ಕಾವ್ಯ ಓದಿಕೊಂಡ ರಸಿಕ, ಜತೆಗೆ ಚಿತ್ರಗಾರ. ಪುಸ್ತಕದ ರೇಖಾಚಿತ್ರಗಳೂ ಅವರವೇ. ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದನ್ನು ಗೆರೆಯಲ್ಲಿ ಹಿಡಿಯುವುದು ಸಸ್ಯವಿಜ್ಞಾನಿಗೆ ದಿನದ ಕೆಲಸ. ಆ ಕೈ ಕಥೆಗೂ ಒದಗಿತು. ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಎಬ್ಬಿಸುವ ಮಾತಿನ ಚುರುಕು ಗದ್ಯಕ್ಕೆ ಬಂತು. 1978ರಲ್ಲಿ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ವಿಜ್ಞಾನಿಯನ್ನು ಹೊರಗೆ ನಿಲ್ಲಿಸಿ ‘ಸಾಹಿತ್ಯ’ ಬರೆಯಲು ಕೂತಿದ್ದರೆ ಈ ಪುಸ್ತಕ ಹುಟ್ಟುತ್ತಲೇ ಇರಲಿಲ್ಲ ಎಂದು ನಾನು ನಂಬಿದ್ದೇನೆ.

ಶಿವರಾಮ ಕಾರಂತರಂತೂ ತಮ್ಮ ಆತ್ಮಕಥೆಯನ್ನೇ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಕರೆದರು. ಕುಣಿತ, ತಾಳ ಬಲ್ಲ ಮನುಷ್ಯ ಕಾದಂಬರಿ ಬರೆದಾಗ ‘ಚೋಮನ ದುಡಿ’ಯಲ್ಲಿ ಚೋಮನ ಸಿಟ್ಟು ಸಂಕಟಗಳೆಲ್ಲ ದುಡಿಯ ಬಡಿತವಾಗಿ ಕೇಳಿಸಿದ್ದು ಆಕಸ್ಮಿಕವಲ್ಲ.

‘ಅವರೆಲ್ಲ ದೊಡ್ಡವರು ಬಿಡಿ’ ಎನ್ನುವವರಿಗೆ ನಮ್ಮ ಬೀದಿಯ ಗಣಿತದ ಟೀಚರಮ್ಮನ ವಿಷಯ ಹೇಳುತ್ತೇನೆ. ಧನುರ್ಮಾಸದಲ್ಲಿ ಅವರ ಮನೆಯಂಗಳದ ರಂಗೋಲಿ ನೋಡಲೆಂದೇ ಜನ ಆ ದಾರಿ ಹಿಡಿದು ಹೋಗುತ್ತಾರೆ. ಶಾಲೆಯಲ್ಲಿ ಮಾತ್ರ ಅವರು ಬಹಳ ಗಂಭೀರ. ರಂಗೋಲಿ ಮನೆಯದು, ಗಣಿತ ಶಾಲೆಯದು ಎಂದು ವರ್ಷಗಟ್ಟಲೆ ಗೆರೆ ಎಳೆದುಕೊಂಡಿದ್ದರು. ಹತ್ತನೇ ತರಗತಿಗೆ ಸಮಾಂತರ ಶ್ರೇಢಿ ಎಷ್ಟು ಹೇಳಿದರೂ ಮಕ್ಕಳ ತಲೆಗೆ ಹೋಗದ ಒಂದು ದಿನ, ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಚುಕ್ಕಿ ಇಡತೊಡಗಿದರು. 15ರಿಂದ 8ಕ್ಕೆ ಸಂದು ಚುಕ್ಕಿ. ನಡುವಿನ ಸಾಲಿನಲ್ಲಿ 15. ಅದರ ಮೇಲೂ ಕೆಳಗೂ 14, 13, 12, ಹೀಗೆ 8ರವರೆಗೆ. ‘ಒಟ್ಟು ಎಷ್ಟು ಚುಕ್ಕಿ? ಎಣಿಸಬಾರದು, ಲೆಕ್ಕ ಹಾಕಬೇಕು.’ ಒಂದು ಬದಿಗೆ 77, ಇನ್ನೊಂದು ಬದಿಗೆ 77, ನಡುವಿನ 15 ಸೇರಿ 169. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಮಿಸ್, 21ರಿಂದ 11ಕ್ಕೆ ನಾನು ಹಾಕಲಾ?’ ಎಂದಳಂತೆ. ಟೀಚರಮ್ಮ ಇದಕ್ಕಾಗಿ ಹೊಸದೇನನ್ನೂ ಕಲಿತಿರಲಿಲ್ಲ. ತಮ್ಮಲ್ಲೇ ಇದ್ದ ಇಬ್ಬರಿಗೆ ಪರಿಚಯ ಮಾಡಿಸಿದರು, ಅಷ್ಟೇ.

ಇಂಥ ಪರಿಚಯಕ್ಕೆ ಮೊದಲು, ನಾವು ಯಾರನ್ನು ಎಲ್ಲಿ ಬಚ್ಚಿಡುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು. ಆಫೀಸಿನಲ್ಲಿ ಯಾವ ಮಾತು ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ? ನೆಂಟರ ಮುಂದೆ ಯಾವ ಆಸಕ್ತಿಯ ಬಗ್ಗೆ ಬಾಯಿ ಬಿಡುವುದಿಲ್ಲ? ನಾಚಿಕೆ ಎಲ್ಲಿದೆಯೋ ಅಲ್ಲಿ ಸಾಮಾನ್ಯವಾಗಿ ಜೀವವಿರುವ ಏನೋ ಒಂದು ಅಡಗಿರುತ್ತದೆ. ತೇಜಸ್ವಿಯವರ ‘ಕರ್ವಾಲೊ’ದ ಮಂದಣ್ಣ ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು, ವಿಜ್ಞಾನಿ ಕರ್ವಾಲೊ ಕಣ್ಣಿಗೆ ಹುಟ್ಟಾ ನಿಸರ್ಗಜ್ಞ. ನಮ್ಮೊಳಗೂ ಒಬ್ಬೊಬ್ಬ ಮಂದಣ್ಣನಿದ್ದಾನೆ, ಅವನ ಬಗ್ಗೆ ನಾವು ಊರವರಂತೆಯೇ ಮಾತಾಡುತ್ತೇವೆ.

ಇಷ್ಟವಾಗದ ಮುಖಗಳೂ ಇರುತ್ತವೆ. ಸದಾ ಹೆದರುವವನು, ಎಲ್ಲದರಲ್ಲೂ ತಪ್ಪು ಹುಡುಕುವವನು. ಇವರನ್ನೂ ಹೊರಹಾಕಬೇಡಿ, ಕೆಲಸ ಕೊಡಿ. ಮದುವೆ ಮನೆಯಲ್ಲಿ ಕರೆಂಟು ಹೋದರೆ ಏನು, ಮಳೆ ಬಂದರೆ ಊಟದ ಪಂಕ್ತಿ ಎಲ್ಲಿ ಎಂದು ಮೊದಲೇ ಕಲ್ಪಿಸಿಕೊಳ್ಳುವುದು ಹೆದರುವವನೇ. ಅವನ ಕಲ್ಪನಾಶಕ್ತಿ ಕಡಿಮೆಯದಲ್ಲ. ತಪ್ಪು ಹುಡುಕುವವನು ಮಾತ್ರ ತಡವಾಗಿ ಬರಬೇಕು. ರಾತ್ರಿ ಮನಸ್ಸಿಗೆ ಬಂದಂತೆ ಬರೆಯಿರಿ, ಬಿಡಿಸಿ, ಹೊಲಿಯಿರಿ. ಬೆಳಗ್ಗೆ ಅವನನ್ನು ಕರೆದು ತೋರಿಸಿ. ಮಾಡುವವನನ್ನೂ ತಪ್ಪು ಹುಡುಕುವವನನ್ನೂ ಒಟ್ಟಿಗೆ ಕೂರಿಸಿದರೆ ಮೊದಲ ಸಾಲಿಗೇ ಕೆಲಸ ನಿಂತುಹೋಗುತ್ತದೆ.

ಸಮಯ ಎಲ್ಲಿದೆ ಎಂದು ಕೇಳಬಹುದು. ಸಮಯಕ್ಕಿಂತ ಮೊದಲು ಜಾಗ ಮಾಡಿ. ಹಾರ್ಮೋನಿಯಂ ಮಂಚದ ಕೆಳಗೆ ಗೋಣಿಚೀಲದಲ್ಲಿದ್ದರೆ ಅದನ್ನು ಎಳೆದು ಬಿಚ್ಚುವಷ್ಟರಲ್ಲೇ ಉತ್ಸಾಹ ಇಳಿದಿರುತ್ತದೆ. ಹಾಲ್‌ನಲ್ಲಿ ಕೈಗೆಟಕುವಂತೆ ಇದ್ದರೆ ಅನ್ನ ಬೇಯುವಷ್ಟು ಹೊತ್ತೂ ಸಾಕು.

ನನಗೆ ಹೆಚ್ಚು ಕಳವಳ ತರುವುದು ಇನ್ನೊಂದು ಸಂಗತಿ. ಯಾರಾದರೂ ಬಿಟ್ಟುಹೋದ ಹವ್ಯಾಸವನ್ನು ಮತ್ತೆ ಹಿಡಿದರೆ ಸಾಕು, ಮನೆಯವರು, ಗೆಳೆಯರು ಪ್ರೀತಿಯಿಂದಲೇ ಕೇಳುತ್ತಾರೆ: ‘ಯೂಟ್ಯೂಬ್ ಚಾನೆಲ್ ಮಾಡಬಹುದಲ್ಲ? ಆರ್ಡರ್ ತಗೋಬಹುದಲ್ಲ?’ ಆ ಕ್ಷಣದಿಂದ ಆ ಎಳೆಯ ಮುಖ ಇನ್ನೊಂದು ಆಫೀಸಿನ ಟ್ರೈನಿಯಾಗುತ್ತದೆ. ಲೈಕು, ಲಾಭ, ಟಾರ್ಗೆಟ್ಟು ಎಲ್ಲ ಬಂದು ಕೂರುತ್ತವೆ. ಬಹಳ ವರ್ಷ ಬಾಯಿ ಮುಚ್ಚಿಸಲ್ಪಟ್ಟವನು ಈಗಷ್ಟೇ ತೊದಲುತ್ತಿದ್ದಾನೆ, ಅವನಿಂದ ಸಂಬಳ ಕೇಳುವುದು ತರವಲ್ಲ. ಕೊನೆಪಕ್ಷ ಒಂದು ವರ್ಷ ಅವನು ಮಾಡಿದ್ದನ್ನು ಎಲ್ಲಿಯೂ ಹಾಕಬೇಡಿ, ಮಾರಬೇಡಿ, ಸ್ಪರ್ಧೆಗೆ ಕಳಿಸಬೇಡಿ. ಕೇಳಿದವರಿಗೆ ‘ಸುಮ್ಮನೆ ಮಾಡ್ತಾ ಇದೀನಿ’ ಎಂದರೆ ಸಾಕು.