ಸರಿ ಮಾಡಿದ್ದು ಯಾರು?

ದೆಹಲಿಯ ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘದಲ್ಲಿ ನಾಟಕವೋ ರಾಜ್ಯೋತ್ಸವವೋ ಮುಗಿದು ಜನ ಊಟಕ್ಕೆ ನಿಂತಾಗ ಒಂದು ಮಾತುಕತೆ ಆಗಾಗ ಕಿವಿಗೆ ಬೀಳುತ್ತದೆ. ನಿವೃತ್ತ ಅಧಿಕಾರಿಯೊಬ್ಬರು ಗುರುಗ್ರಾಮದಲ್ಲಿ ದುಡಿಯುವ ಹುಡುಗನನ್ನು ವಿಚಾರಿಸುತ್ತಾರೆ: "ಯಾವ ಕಂಪನೀಲಿದ್ದೀಯಪ್ಪಾ?" ಹುಡುಗ ಹೆಸರು ಹೇಳುತ್ತಾನೆ. "ಹೋದ ಸಲ ಬೇರೆ ಏನೋ ಹೇಳಿದ್ದೆಯಲ್ಲ?" "ಹೌದು ಅಂಕಲ್, ಹೈಕ್ ಚೆನ್ನಾಗಿ ಕೊಟ್ಟರು, ಬಿಟ್ಟೆ." ಹಿರಿಯರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಒಂದು ಕಡೆ ನಿಲ್ಲದವನಿಗೆ ಯಾವ ವಿದ್ಯೆಯೂ ಕೈಹತ್ತುವುದಿಲ್ಲ ಎಂಬುದು ಅವರ ನಂಬಿಕೆ. ಇದ್ದಲ್ಲೇ ಇದ್ದರೆ ಜೊತೆಯವರೆಲ್ಲ ಮುಂದೆ ಹೋಗಿಬಿಡುತ್ತಾರೆ ಎಂಬುದು ಹುಡುಗನ ಭಯ. ಇಬ್ಬರೂ ನನ್ನವರೇ. ಹಾಗಾಗಿ ಈ ಜಗಳ ಬಹಳ ಕಾಲದಿಂದ ನನ್ನನ್ನು ಕಾಡಿದೆ.

ಮೊದಲು ಹಿರಿಯರ ಮಾತನ್ನು ತೂಗಿ ನೋಡೋಣ. ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ನೌಕರಿ ಹಿಡಿದು ಬಂದ ಪೀಳಿಗೆ ಅದು. ಸರೋಜಿನಿ ನಗರ, ಆರ್.ಕೆ.ಪುರಂಗಳ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಮಕ್ಕಳನ್ನು ಬೆಳೆಸಿದವರು. ಜೀವಮಾನವೆಲ್ಲ ಒಂದೇ ಕೆಲಸದಲ್ಲಿದ್ದೆವು ಎನ್ನುತ್ತಾರೆ. ಆದರೆ ಅವರೂ ಕೃಷಿ ಭವನದಿಂದ ಉದ್ಯೋಗ ಭವನಕ್ಕೆ, ಅಲ್ಲಿಂದ ಶಾಸ್ತ್ರಿ ಭವನಕ್ಕೆ ವರ್ಗವಾಗುತ್ತಲೇ ಇದ್ದರು. ಬೀಜದ ಕಡತ ನೋಡುತ್ತಿದ್ದವರು ಜವಳಿಯ ಕಡತ ಹಿಡಿದರು. ಮೇಲಧಿಕಾರಿ, ವಿಷಯ, ಕಾನೂನು ಎಲ್ಲವನ್ನೂ ಹೊಸದಾಗಿ ಕಲಿತರು. ಬದಲಾಗದೆ ಉಳಿದದ್ದು ಸಂಬಳ ಕೊಡುವ ಕೈ, ಮತ್ತು ಕೊನೆಗೆ ಸಿಗುವ ಪಿಂಚಣಿಯ ಭರವಸೆ. 2004ರ ಜನವರಿ 1ರಿಂದ ಈಚೆಗೆ ಸೇರಿದ ಕೇಂದ್ರ ನೌಕರರಿಗೂ, ಸೇನೆಯನ್ನು ಬಿಟ್ಟರೆ, ಆ ಹಳೆಯ ಪಿಂಚಣಿ ಹೋಯಿತು. ಖಾಸಗಿ ಕಂಪನಿಯ ಹುಡುಗನಿಗೆ ಅದು ಎಂದೂ ಇರಲೇ ಇಲ್ಲ. ನಾಳೆ ಇಟ್ಟುಕೊಳ್ಳುತ್ತೇವೆ ಎಂದು ಮಾತು ಕೊಡದ ಕಂಪನಿಗೆ ನಿಷ್ಠನಾಗಿರು ಎಂದು ಅವನಿಗೆ ಉಪದೇಶ ಮಾಡುವುದು ನ್ಯಾಯವಲ್ಲ.

ಬಿಟ್ಟು ಹೋಗುವುದನ್ನು ಕಲಿಸಿದ್ದೂ ಕಂಪನಿಗಳೇ. ಒಳಗೇ ಇದ್ದು ದುಡಿದವನಿಗೆ ವರ್ಷಕ್ಕೆ ನೂರಕ್ಕೆ ಎಂಟು–ಹತ್ತು ಏರಿಸಿ, ಅದೇ ಕುರ್ಚಿಗೆ ಹೊರಗಿನಿಂದ ಬರುವವನಿಗೆ ಮೂವತ್ತು ಏರಿಸಿ ಕೊಡುವುದು ಗುರುಗ್ರಾಮದ ಸೈಬರ್ ಸಿಟಿಯಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಹೀಗಿರುವಾಗ ಹುಡುಗನನ್ನು ಮಾತ್ರ ಚಂಚಲ ಎಂದರೆ ಹೇಗೆ?

ಆದರೂ ಹುಡುಗನ ಲೆಕ್ಕದಲ್ಲೂ ಒಂದು ತಪ್ಪಿದೆ. ಇನ್ಫೋಸಿಸ್ಸಿನ ಅಂಕಿಗಳನ್ನೇ ನೋಡಿ. 2022ರ ಜೂನ್ ವೇಳೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕೆಲಸ ಬಿಟ್ಟವರ ಪ್ರಮಾಣ ಶೇಕಡಾ 28.4 ಇತ್ತು. 2023ರ ಡಿಸೆಂಬರ್ ವೇಳೆಗೆ ಅದು 12.9ಕ್ಕೆ ಇಳಿಯಿತು. ಒಂದೂವರೆ ವರ್ಷದಲ್ಲಿ ನೌಕರರ ಸ್ವಭಾವ ಬದಲಾಗಲಿಲ್ಲ, ಮಾರುಕಟ್ಟೆ ಬದಲಾಯಿತು. ಕೊರೊನಾ ನಂತರದ ಆ ಭರಾಟೆಯಲ್ಲಿ ಸಿಕ್ಕ ಸಂಬಳವನ್ನು ಅನೇಕರು ತಮ್ಮ ಯೋಗ್ಯತೆಯ ಬೆಲೆ ಎಂದು ತಿಳಿದುಕೊಂಡರು, ಆ ಬೆಲೆಯನ್ನೇ ನಂಬಿ ನೋಯ್ಡಾ ಎಕ್ಸ್‌ಟೆನ್ಷನ್ನಿನಲ್ಲಿ ಫ್ಲಾಟಿಗೆ ಸಾಲ ಮಾಡಿದರು. ಭರಾಟೆ ಇಳಿದಾಗ ದೊಡ್ಡ ಸಂಬಳ, ಚಿಕ್ಕ ಅನುಭವ ಇದ್ದವರೇ ಮೊದಲು ಕಣ್ಣಿಗೆ ಬಿದ್ದರು.

ಚಿಕ್ಕ ಅನುಭವ ಎಂದಾಗ ನಾನು ವರ್ಷಗಳನ್ನು ಎಣಿಸುತ್ತಿಲ್ಲ. ನೌಕರಿಯ ಸಂದರ್ಶನಗಳಲ್ಲಿ ಮೇಜಿನ ಈಚೆ ಬದಿಯಲ್ಲಿ ಕೂತು ಬಹಳ ಮಂದಿಯನ್ನು ನೋಡಿದ್ದೇನೆ. ಎಲ್ಲರ ಬಯೋಡೇಟಾದಲ್ಲೂ ತಾವು ಶುರು ಮಾಡಿದ ಕೆಲಸಗಳ ಪಟ್ಟಿ ಇರುತ್ತದೆ. ನಾನು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಿದ್ದೆ: ನೀವು ಮಾಡಿದ್ದರಲ್ಲಿ ಆಮೇಲೆ ಕೆಟ್ಟಿದ್ದು ಯಾವುದು, ಅದನ್ನು ಸರಿ ಮಾಡಿದ್ದು ಯಾರು? ವರ್ಷಕ್ಕೊಂದು ಕಂಪನಿ ಬದಲಿಸಿದವರು ಇಲ್ಲಿ ತಡವರಿಸುತ್ತಿದ್ದರು. ಅವರು ದಡ್ಡರಲ್ಲ, ಅನೇಕರು ನನಗಿಂತ ಚುರುಕು. ಆದರೆ ತಮ್ಮ ನಿರ್ಧಾರ ಫಲ ಕೊಡುವ ಹೊತ್ತಿಗೆ ಅವರು ಅಲ್ಲಿರಲಿಲ್ಲ. ಕೆಟ್ಟಿದ್ದನ್ನು ಮತ್ಯಾರೋ ರಾತ್ರಿ ಕೂತು ಸರಿ ಮಾಡಿದ್ದರು, ಪಾಠವೂ ಆ ಮತ್ಯಾರದೋ ಆಯಿತು. ಕೆಲಸ ಕಲಿಯುವುದರಲ್ಲಿ ಅರ್ಧ ಭಾಗ ಮಾಡುವುದು, ಇನ್ನರ್ಧ ಮಾಡಿದ್ದರ ಪರಿಣಾಮವನ್ನು ಎದುರಿಸುವುದು. ಬೇಗ ಬಿಡುವವನಿಗೆ ಈ ಎರಡನೆಯ ಅರ್ಧ ತಪ್ಪಿಹೋಗುತ್ತದೆ, ಅದು ತಪ್ಪಿದ್ದು ಅವನಿಗೆ ತಿಳಿಯುವುದೂ ಇಲ್ಲ.

ಇದೇ ಪ್ರಶ್ನೆಗೆ ತಡವರಿಸಿದ ಇನ್ನೊಂದು ಗುಂಪನ್ನೂ ಹೇಳಬೇಕು. ಹದಿನೈದು ವರ್ಷ ಒಂದೇ ಕಂಪನಿಯಲ್ಲಿದ್ದವರಲ್ಲಿ ಕೆಲವರು. ತಮ್ಮದು ಎನ್ನುವ ಒಂದು ನಿರ್ಧಾರವನ್ನೂ ಅವರು ಮಾಡಿರಲಿಲ್ಲ, ಹಾಗಾಗಿ ಕೆಡುವುದಕ್ಕೆ ಏನೂ ಇರಲಿಲ್ಲ. ಕೂತದ್ದರಿಂದಲೇ ಅನುಭವ ಬರುತ್ತದೆ ಎಂಬುದೂ ಸುಳ್ಳು.

ಬಿಡುವುದನ್ನೂ ಉಳಿಯುವುದನ್ನೂ ಬಲ್ಲ ಒಬ್ಬರು ಇದೇ ದೆಹಲಿಯಲ್ಲಿ ಕೆಲಸ ಮಾಡಿದ್ದರು: 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಅವರ ಹುದ್ದೆಗಳ ಪಟ್ಟಿಯನ್ನು ಇಂದಿನ ಹೆಚ್.ಆರ್. ಮುಂದಿಟ್ಟರೆ ಗಾಬರಿಯಾದೀತು. ಐ.ಸಿ.ಎಸ್. ಅಧಿಕಾರಿ, ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶ, ಸಿಂಧೂ ನದಿ ನೀರಿನ ವ್ಯಾಜ್ಯದ ಆಯೋಗದ ಅಧ್ಯಕ್ಷ, ಹಿಂದೂ ಕಾನೂನು ಸಮಿತಿಯ ಅಧ್ಯಕ್ಷ, 1944–45ರಲ್ಲಿ ಜಮ್ಮು–ಕಾಶ್ಮೀರದ ಪ್ರಧಾನಿ, 1946ರಿಂದ ಸಂವಿಧಾನ ಸಭೆಯ ಸಲಹೆಗಾರ, ಆಮೇಲೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ, 1953ರಲ್ಲಿ ತೀರಿಕೊಂಡಾಗ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶ. ಹೊರಗಿನಿಂದ ನೋಡಿದರೆ ಒಂದು ಕಡೆ ನಿಂತ ಮನುಷ್ಯನೇ ಅಲ್ಲ. ಒಳಹೊಕ್ಕು ನೋಡಿದರೆ ಅವರು ಕೊನೆಯವರೆಗೂ ಮಾಡಿದ್ದು ಒಂದೇ ಕೆಲಸ, ಕಾನೂನನ್ನು ಕಟ್ಟುವುದು. 1935ರ ಭಾರತ ಸರ್ಕಾರ ಕಾಯಿದೆ ಬಂದಾಗ ಅದಕ್ಕೆ ತಕ್ಕಂತೆ ದೇಶದ ಹಳೆಯ ಕಾನೂನುಗಳನ್ನೆಲ್ಲ ತಿದ್ದುವ, ಯಾರ ಕಣ್ಣಿಗೂ ಬೀಳದ ದುಡಿಮೆ ಅವರ ಪಾಲಿಗೆ ಬಂತು. ಅದನ್ನು ಕೂತು ಮುಗಿಸಿದ ಕೈಯೇ 1947ರ ಅಕ್ಟೋಬರಿನಲ್ಲಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿತು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ನರಸಿಂಗ ರಾಯರನ್ನು ಹೆಸರು ಹೇಳಿ ನೆನೆದರು.

ನಮ್ಮ ಕಾಲದಲ್ಲಿ ಜಾನಪದ ವಿದ್ವಾಂಸ ಪುರುಷೋತ್ತಮ ಬಿಳಿಮಲೆಯವರೂ ಹಾಗೆಯೇ. ಸುಳ್ಯ, ಮಂಗಳೂರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಅಲ್ಲಿಂದ ಗುರುಗ್ರಾಮದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್, ಆಮೇಲೆ ಜೆ.ಎನ್.ಯು.ವಿನ ಕನ್ನಡ ಪೀಠ. ಊರು, ಸಂಸ್ಥೆ ಬದಲಾದವು. ಜಾನಪದ ಮತ್ತು ಕನ್ನಡ ಸಂಸ್ಕೃತಿಯ ಅಧ್ಯಯನ ಮಾತ್ರ ಅವರ ಜೊತೆಯಲ್ಲೇ ಬಂತು.

ಈ ಎಲ್ಲ ಮಾತು ಆಯ್ಕೆ ಇರುವವರದು. ಮಾನೇಸರದ ಕಾರು ಕಾರ್ಖಾನೆಗಳ ಸುತ್ತ ಗುತ್ತಿಗೆದಾರರ ಮೂಲಕ ಕೆಲವೇ ತಿಂಗಳ ಮಟ್ಟಿಗೆ ಸೇರಿ, ಅವಧಿ ಮುಗಿದ ಮೇಲೆ ಇನ್ನೊಂದು ಗೇಟಿನ ಮುಂದೆ ನಿಲ್ಲುವ ಹುಡುಗರಿಗೆ ನೌಕರಿ ಬದಲಾವಣೆ ಅವರ ನಿರ್ಧಾರವೇ ಅಲ್ಲ. ಒಂದೇ ಯಂತ್ರದ ಮೇಲೆ ಕೈ ಕೂರುವ ಹೊತ್ತಿಗೆ ಅವರನ್ನು ಕಳಿಸಲಾಗುತ್ತದೆ. ಗಂಡನ ವರ್ಗಾವಣೆಯ ಹಿಂದೆ ದೆಹಲಿಗೆ ಬಂದು, ಹೊಸ ಶಾಲೆಯಲ್ಲಿ ಮತ್ತೆ ಮೊದಲ ಮೆಟ್ಟಿಲಿನ ಸಂಬಳಕ್ಕೆ ಪಾಠ ಹೇಳುವ ನಮ್ಮ ಅಕ್ಕತಂಗಿಯರೂ ಅಷ್ಟೇ. ಇವರ ಬಯೋಡೇಟಾ ನೋಡಿ "ಸ್ಥಿರತೆ ಇಲ್ಲ" ಎಂದು ಪಕ್ಕಕ್ಕಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಆಯ್ಕೆ ಇರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟು. ಸಂಬಳ ತಡೆಹಿಡಿದರೆ, ಅವಮಾನ ಮಾಡಿದರೆ, ಸುಳ್ಳು ಲೆಕ್ಕಕ್ಕೆ ಸಹಿ ಹಾಕು ಎಂದರೆ, ಒಂದೇ ತಿಂಗಳಾಗಿದ್ದರೂ ಬಿಡಿ. ಇವು ಯಾವುವೂ ಇಲ್ಲದಿದ್ದರೆ ನೀವು ಕೈಹಾಕಿದ ಒಂದು ಕೆಲಸವಾದರೂ ಜನರ ಬಳಕೆಗೆ ಬಂದು, ಒಮ್ಮೆ ಕೆಟ್ಟು, ನಿಮ್ಮ ಕೈಯಲ್ಲೇ ಸರಿಯಾಗುವವರೆಗೆ ಇರಿ. ಹೆಚ್ಚಿನ ಕೆಲಸಗಳಲ್ಲಿ ಅದಕ್ಕೆ ಎರಡು–ಮೂರು ವರ್ಷ ಬೇಕು. ಆಮೇಲೆ ಯಾರ ಮುಲಾಜೂ ಇಲ್ಲದೆ ಹೊರಡಿ.

ಹೊರಡುವ ಮುನ್ನ ಕಾನೂನಿನ ಲೆಕ್ಕವನ್ನೂ ನೋಡಿಕೊಳ್ಳಿ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಒಂದೇ ಕಡೆ ಐದು ವರ್ಷದ ಸತತ ಸೇವೆ ಬೇಕು. ಗ್ರಾಚ್ಯುಟಿಗೆ ಲೆಕ್ಕವಾಗುವ ಕೊನೆಯ ಸಂಬಳ 60,000 ಇದ್ದವರಿಗೆ ಐದು ವರ್ಷಕ್ಕೆ ಸುಮಾರು 1,73,000 ರೂಪಾಯಿ ಬರುತ್ತದೆ. ನಾಲ್ಕೇ ವರ್ಷಕ್ಕೆ ಬಿಟ್ಟರೆ ಏನೂ ಇಲ್ಲ. ಐದು ವರ್ಷ ತುಂಬದೆ ಪಿ.ಎಫ್. ಹಣ ತೆಗೆದರೆ ತೆರಿಗೆ ಬೀಳುತ್ತದೆ. ಅದೇ ಹಣವನ್ನು ಹೊಸ ಕಂಪನಿಗೆ ವರ್ಗಾಯಿಸಿಕೊಂಡರೆ ಹಳೆಯ ಸೇವೆಯೂ ಲೆಕ್ಕಕ್ಕೆ ಸೇರುತ್ತದೆ. ಪಿ.ಎಫ್. ಜೊತೆಗಿನ ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಇರಬೇಕು, ಅದು ಎಷ್ಟು ಕಂಪನಿಗಳಲ್ಲಿ ಆಗಿದ್ದರೂ ನಡೆಯುತ್ತದೆ. ದಯವಿಟ್ಟು ಕಂಪನಿ ಬಿಟ್ಟಾಗಲೆಲ್ಲ ಆ ಖಾತೆ ಮುಚ್ಚಿ ಹಣ ತೆಗೆಯಬೇಡಿ.