ಚಿತೆಯ ಕಟ್ಟಿಗೆ ಮತ್ತು ಶ್ರದ್ಧೆಯ ಅಳತೆ

ದೇಹವನ್ನೇ ಕೊನೆಯ ಆಹುತಿಯಾಗಿ ಅಗ್ನಿಗೆ ಒಪ್ಪಿಸುವ ಅಂತ್ಯೇಷ್ಟಿ ಸಂಸ್ಕಾರಕ್ಕೆ ಎಷ್ಟು ಕಟ್ಟಿಗೆ ಬೇಕೆಂಬುದು ಮೇಲ್ನೋಟಕ್ಕೆ ಬರಿಯ ಲೆಕ್ಕದ ಮಾತಾಗಿ ಕಂಡರೂ ಬುಡದಲ್ಲಿ ಅದು ಧರ್ಮದ ಪ್ರಶ್ನೆ. ಸಾಂಪ್ರದಾಯಿಕ ಚಿತೆಯೊಂದಕ್ಕೆ ಸುಮಾರು 400 ಕಿಲೋಗ್ರಾಂ ಕಟ್ಟಿಗೆ ಹಿಡಿಯುತ್ತದೆ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯ ನಡುವೆ, ಯಮುನೆಯ ದಂಡೆಯ ನಿಗಮಬೋಧ ಘಾಟ್ ಸೇರಿದಂತೆ ದೆಹಲಿಯ ಸ್ಮಶಾನಗಳ ಮೇಲೆ ಹಿಂದೆಂದೂ ಇಲ್ಲದ ಹೊರೆ ಬಿದ್ದು, ನಗರದಲ್ಲಿ ಕಟ್ಟಿಗೆಯ ಅಭಾವ ತಲೆದೋರಿದಾಗ, ದಪ್ಪ ದಿಮ್ಮಿಗಳ ರಾಶಿಯಿಲ್ಲದೆ ಸಂಸ್ಕಾರ ಪೂರ್ಣವಾಗುವುದೇ ಎಂಬ ಪ್ರಶ್ನೆಯನ್ನು ಮುಂದೂಡಲು ಯಾರಿಗೂ ಸಾಧ್ಯವಿರಲಿಲ್ಲ.

ಯಜ್ಞಪರಂಪರೆ ಕಟ್ಟಿಗೆಯ ಗಾತ್ರಕ್ಕಿಂತ ಅದರ ಗುಣವನ್ನು ಕುರಿತು ಹೆಚ್ಚು ಯೋಚಿಸಿದೆ. ಕಾತ್ಯಾಯನನ ಹೆಸರಿನಲ್ಲಿರುವ ಕರ್ಮಪ್ರದೀಪದ ಪ್ರಕಾರ ಸಮಿತ್ತು, ಅಂದರೆ ಹೋಮಕ್ಕೆ ಅರ್ಪಿಸುವ ಕಡ್ಡಿ, ಹೆಬ್ಬೆರಳಿಗಿಂತ ದಪ್ಪವಿರಬಾರದು; ಚಾಚಿದ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವಿನ ಅಂತರವಾದ ಪ್ರಾದೇಶಕ್ಕಿಂತ ಉದ್ದವಿರಬಾರದು; ತೊಗಟೆ ಕಳಚಿರಬಾರದು, ಹುಳು ಹಿಡಿದಿರಬಾರದು, ಸೀಳಿದ್ದಾಗಿರಬಾರದು. ಈ ನಿಯಮ ಚಿತೆಗೆ ನೇರವಾಗಿ ಅನ್ವಯಿಸದಿದ್ದರೂ, ಅಗ್ನಿಯ ಮುಂದೆ ಸಣ್ಣ ಕೊಂಬೆ ಹೀನವಲ್ಲವೆಂಬುದನ್ನೂ, ಆರಿಸಿ ಹದಮಾಡುವ ಎಚ್ಚರವೇ ಅರ್ಪಣೆಯ ಭಾಗವೆಂಬುದನ್ನೂ ಸ್ಪಷ್ಟಪಡಿಸುತ್ತದೆ.

ಇಂಥ ಸಣ್ಣ ಮರ ದೆಹಲಿಗೆ ಅಪರೂಪವಲ್ಲ. ಅರಾವಳಿಯ ಉತ್ತರದ ತುದಿಯಾದ ರಿಡ್ಜ್ ಎಂಬ ಗುಡ್ಡಸಾಲಿನಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ನೆಡಿಸಿದ ವಿಲಾಯತಿ ಕೀಕರ್, ಅಂದರೆ ಕನ್ನಡಿಗರು ಬಲ್ಲ ಬಳ್ಳಾರಿ ಜಾಲಿ, ಸ್ಥಳೀಯ ಸಸ್ಯಗಳನ್ನು ಅದುಮಿ ಹಬ್ಬಿಕೊಂಡಿದೆ. ವಸಂತ ವಿಹಾರದ ಬಳಿಯ ಅರಾವಳಿ ಜೀವವೈವಿಧ್ಯ ಉದ್ಯಾನದಲ್ಲಿ, ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿ ಸಿ. ಆರ್. ಬಾಬು ಅವರ ಮಾರ್ಗದರ್ಶನದಲ್ಲಿ, ಈ ಮರಗಳನ್ನು ಒಮ್ಮೆಗೇ ಬುಡಸಹಿತ ಕೀಳದೆ ಕೊಂಬೆ ಸವರಿ ನೆಲಕ್ಕೆ ಬೆಳಕು ಬಿಟ್ಟು, ಸ್ಥಳೀಯ ಗಿಡಗಳನ್ನು ಮೇಲೆಬ್ಬಿಸುವ ಕ್ರಮ ನಡೆದುಬಂದಿದೆ. ದೆಹಲಿ ವೃಕ್ಷ ಸಂರಕ್ಷಣಾ ಕಾಯ್ದೆ, 1994ರ ಕಟ್ಟುಪಾಡಿನೊಳಗೆ ಹೀಗೆ ಸವರಿದ ಕೊಂಬೆ ಉತ್ತಮ ಉರುವಲಾಗಬಲ್ಲದು.

ಸಣ್ಣ ಕೊಂಬೆಗಳನ್ನು ಒಂದೊಂದಾಗಿ ಕಡಿಯುವುದು ಶ್ರಮದ ವ್ಯಯ. ಎರಡು ಜೊತೆ ಗೂಟಗಳ ಚೌಕಟ್ಟಿನಲ್ಲಿ ಅವನ್ನು ಒತ್ತಾಗಿ ಪೇರಿಸಿ, ಅಲುಗದಂತೆ ಬಿಗಿದು, ಇಡೀ ಹೊರೆಯನ್ನು ಗರಗಸದಿಂದ ಸಮ ಉದ್ದಕ್ಕೆ ಒಟ್ಟಿಗೆ ಕೊಯ್ದರೆ ಕೆಲಸ ಬೇಗ ಸಾಗುತ್ತದೆ. ತೆಳ್ಳಗಿರುವುದರಿಂದ ಸೀಳುವ ಅಗತ್ಯವೂ ಬೀಳುವುದಿಲ್ಲ. ಹಸಿಮರದ ತೂಕದಲ್ಲಿ ಅರ್ಧದವರೆಗೂ ನೀರಿರಬಹುದು, ಮತ್ತು ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 540 ಕಿಲೋಕ್ಯಾಲರಿ ಶಾಖ ವ್ಯರ್ಥವಾಗುತ್ತದೆ. ಆದ್ದರಿಂದ ಚಳಿಗಾಲದ ಕೊನೆಯಲ್ಲಿ ಕೊಯ್ದ ಕಟ್ಟಿಗೆಯನ್ನು ನೆಲದಿಂದ ಎತ್ತರದಲ್ಲಿ, ಗಾಳಿಯಾಡುವಂತೆ ಒಟ್ಟಿದರೆ, ಮೇ, ಜೂನ್‌ನ ಲೂ ಎಂಬ ಬಿಸಿಗಾಳಿಯೇ ಅದನ್ನು ಮಳೆಗಾಲಕ್ಕೆ ಮುನ್ನ ಒಣಗಿಸುತ್ತದೆ.

ತೆಳುಕಟ್ಟಿಗೆ ಬೇಗ ಉರಿದು ಬೇಗ ತೀರುವುದೆಂಬ ಆಕ್ಷೇಪ ನಿಜ. ಅದನ್ನು ಮಧ್ಯಮ ಗಾತ್ರದ ತುಂಡುಗಳೊಡನೆ ಬೆರೆಸಬೇಕು, ಶಾಖ ಸೋರದಂತೆ ಚಿತೆಯನ್ನೂ ರೂಪಿಸಬೇಕು. 1992ರಲ್ಲಿ ದೆಹಲಿಯಲ್ಲಿ ಆರಂಭವಾದ ಮೋಕ್ಷದಾ ಸಂಸ್ಥೆಯ ವ್ಯವಸ್ಥೆಯಲ್ಲಿ ಎತ್ತರಿಸಿದ ಲೋಹದ ಜಾಲರಿ ಅಡಿಯಿಂದ ಗಾಳಿ ಕೊಡುತ್ತದೆ, ಮೇಲಿನ ಮುಚ್ಚಿಗೆ ಮತ್ತು ಚಿಮಣಿ ಶಾಖವನ್ನೂ ಹೊಗೆಯನ್ನೂ ನಿಯಂತ್ರಿಸುತ್ತವೆ, ಕಟ್ಟಿಗೆ ಅರ್ಧಕ್ಕಿಂತ ಕಡಿಮೆ ಸಾಕಾಗುತ್ತದೆ. ಮಂತ್ರ, ಪ್ರದಕ್ಷಿಣೆ, ಅಗ್ನಿಸ್ಪರ್ಶ ಯಾವುದಕ್ಕೂ ಅಲ್ಲಿ ಚ್ಯುತಿಯಿಲ್ಲ.

ಆದರೂ ರಾಶಿ ಕುಗ್ಗಿದರೆ ಗೌರವ ಕುಗ್ಗಿತೆಂಬ ಅಳುಕು ಬಂಧುಗಳಲ್ಲಿ ಉಳಿಯುತ್ತದೆ, ಮತ್ತು ಆ ಅಳುಕು ಪ್ರೀತಿಯಿಂದಲೇ ಹುಟ್ಟಿದ್ದು. ಅದಕ್ಕೆ ಉತ್ತರ ಪರಂಪರೆಯಲ್ಲಿಯೇ ಇದೆ. ಒಲೆ, ಬೀಸುಕಲ್ಲು, ಪೊರಕೆ, ಒರಳು, ನೀರಿನ ಕೊಡ, ಈ ಐದು ಕಡೆ ಗೃಹಸ್ಥನಿಂದ ತಪ್ಪದೆ ಹಿಂಸೆ ನಡೆಯುತ್ತದೆಂದು ಮನುಸ್ಮೃತಿ ಪಂಚಸೂನೆಗಳನ್ನು ಎಣಿಸಿ, ಅದರ ಪರಿಹಾರಕ್ಕಾಗಿ ದಿನನಿತ್ಯದ ಪಂಚಮಹಾಯಜ್ಞಗಳನ್ನು ವಿಧಿಸುತ್ತದೆ. ಒಲೆಯ ಬೆಂಕಿಗೇ ಋಣವಿದೆಯೆಂದು ಒಪ್ಪಿದ ಧರ್ಮ ಚಿತೆಯ ಬೆಂಕಿಗೆ ಅದನ್ನು ಮನ್ನಾ ಮಾಡಲಾರದು. ಸತ್ತವರ ಹೆಸರಿನಲ್ಲಿ ನಿಂತ ಮರವನ್ನು ಉಳಿಸಿ, ಸವರಿದ ಕೊಂಬೆಯನ್ನು ಅಳೆದು, ಕೊಯ್ದು, ಒಣಗಿಸಿ ಒಪ್ಪಿಸುವ ಶ್ರಮವೂ ಅಂತ್ಯೇಷ್ಟಿಯ ಅಂಗವೇ. ಶ್ರದ್ಧೆಯನ್ನು ತೂಗಬೇಕಾದ್ದು ಆ ಎಚ್ಚರದಿಂದ.