ಕೂರುವುದು ಬೇರೆ, ಹೊಂದುವುದು ಬೇರೆ

ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಮೊದಲ ಮಾತು ದುಡ್ಡಿನದಲ್ಲ. ಯಾವ ಗಾಡಿ, ಯಾವ ವರ್ಷದ್ದು ಎಂದು ಕೇಳುತ್ತಾರೆ. ಬರೀ ಕಾರ್ಬೊರೇಟರ್ ಬೇಕು ಎಂದರೆ ಅವರ ಮಟ್ಟಿಗೆ ನೀವಿನ್ನೂ ಏನೂ ಹೇಳಿಲ್ಲ. ಬಿಚ್ಚಿ ಗುಡ್ಡೆ ಹಾಕಿದ ಬಾಗಿಲು, ಲೈಟು, ಗೇರ್‌ಬಾಕ್ಸುಗಳ ನಡುವೆ ಸ್ಟೂಲು ಹಾಕಿಕೊಂಡು ಕೂತವನಿಗೆ ‘ಒಳ್ಳೇ ಮಾಲು’ ಎನ್ನುವುದು ಅರ್ಧ ಮಾತು. ಯಾವುದಕ್ಕೆ ಒಳ್ಳೆಯದು ಎಂದು ಗೊತ್ತಾಗುವ ತನಕ ಅವನು ಎದ್ದೇಳುವುದೂ ಇಲ್ಲ.

ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲೂ ಅದೇ ಪ್ರಶ್ನೆ: ಬೋರ್ಡ್ ಯಾವುದು? ಇಂದಿರಾನಗರದಲ್ಲೋ ಹಲಸೂರಿನಲ್ಲೋ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ಅಲ್ಲಿಗೆ ನಡೆದುಹೋಗುವ ಹುಡುಗ ಹುಡುಗಿಯರು ಎಷ್ಟೋ ಮಂದಿ. ಮೊದಲ ಕಂಪ್ಯೂಟರನ್ನು ತಾವೇ ಕಟ್ಟಬೇಕೆಂಬ ಹುರುಪು. ಕೈಯಲ್ಲೊಂದು ಪಟ್ಟಿ. ಪಟ್ಟಿಯಲ್ಲಿರುವುದೆಲ್ಲ ಒಳ್ಳೆಯದೇ, ಆದರೆ ಒಂದೊಂದು ಒಬ್ಬೊಬ್ಬರು ಹೇಳಿದ್ದು. ಪ್ರೊಸೆಸರ್ ಕಾಲೇಜಿನ ಗೆಳೆಯನ ಶಿಫಾರಸು, ಮೆಮೊರಿ ರಿಯಾಯಿತಿಯಲ್ಲಿ ಸಿಕ್ಕಿದ್ದು, ಕ್ಯಾಬಿನೆಟ್ ಬಣ್ಣದ ದೀಪ ನೋಡಿ ಮೆಚ್ಚಿದ್ದು. ಅಂಗಡಿಯವನು ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿ ‘ಇದಕ್ಕೂ ಇದಕ್ಕೂ ಆಗಲ್ಲ’ ಎನ್ನುತ್ತಾನೆ. ಮುಖ ಬಾಡುತ್ತದೆ. ಬಾಡಬೇಕಾಗಿಲ್ಲ. ಆ ಇಡೀ ದಿನದಲ್ಲಿ ಕಿವಿಗೆ ಬೀಳುವ ಮಾತುಗಳಲ್ಲಿ ಅಷ್ಟು ಉಪಕಾರದ ಮಾತು ಇನ್ನೊಂದಿರಲಾರದು. ಅವನ ಬದಲಿ ಸಲಹೆಯಲ್ಲಿ ಅವನ ಗೋಡೌನಿನ ಲೆಕ್ಕಾಚಾರವೂ ಸ್ವಲ್ಪ ಇರುತ್ತದೆ ಅನ್ನುವುದು ಬೇರೆ ವಿಷಯ.

ಕಂಪ್ಯೂಟರಿನ ಕೆಲವು ಭಾಗಗಳು ‘ಆಗಲ್ಲ’ ಎಂದು ತಾವೇ ಹೇಳುತ್ತವೆ. ಡಿಡಿಆರ್4 ಮೆಮೊರಿಗೂ ಡಿಡಿಆರ್5 ಮೆಮೊರಿಗೂ 288 ಸಂಪರ್ಕ ಬಿಂದುಗಳೇ, ಉದ್ದವೂ ಅಷ್ಟೇ. ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರೆ ಹೊಸಬರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಒಂದು 1.2 ವೋಲ್ಟಿನದು, ಇನ್ನೊಂದು 1.1 ವೋಲ್ಟಿನದು, ಒಳಗಿನ ಏರ್ಪಾಡೇ ಬೇರೆ. ಅದಕ್ಕೆಂದೇ ಕೆಳ ಅಂಚಿನ ಕಚ್ಚನ್ನು ತುಸು ಆಚೆ ಸರಿಸಿದ್ದಾರೆ. ಒಂದರ ಜಾಗಕ್ಕೆ ಇನ್ನೊಂದು ಇಳಿಯುವುದಿಲ್ಲ. ಯಾರೋ ಇಂಜಿನಿಯರು, ನಮ್ಮ ಆತುರವನ್ನು ಮುಂಚೆಯೇ ಊಹಿಸಿ, ಒಂದೆರಡು ಮಿಲಿಮೀಟರಿನಲ್ಲಿ ಅದಕ್ಕೆ ಅಡ್ಡಗಟ್ಟಿದ್ದಾರೆ. ಪ್ರೊಸೆಸರುಗಳಲ್ಲೂ ಹಾಗೆಯೇ. ಎಎಂಡಿಯ ಎಎಂ4 ಸಾಕೆಟ್ಟಿನ ಪ್ರೊಸೆಸರಿನಡಿ 1331 ಸೂಜಿಗಳಿವೆ. 2022ರಲ್ಲಿ ಬಂದ ಎಎಂ5ನಲ್ಲಿ ಸೂಜಿಗಳು ಬೋರ್ಡಿನ ಕಡೆಗೇ ಹೋಗಿವೆ, ಸಂಖ್ಯೆ 1718. ಇವೆರಡನ್ನು ಅದಲುಬದಲು ಮಾಡಲು ಯಾರಿಂದಲೂ ಸಾಧ್ಯವಿಲ್ಲ, ಆದ್ದರಿಂದ ಯಾರೂ ಕೆಡಿಸುವುದೂ ಇಲ್ಲ.

ಕೂರದ ಭಾಗದಿಂದ ನಷ್ಟವೆಂದರೆ ಇನ್ನೊಂದು ಸಲ ಚಿಕ್ಕಪೇಟೆಗೆ ಹೋಗಿಬರುವುದು. ನನ್ನನ್ನು ಯೋಚನೆಗೆ ಹಚ್ಚುವುದು ಸಲೀಸಾಗಿ ಕೂತುಬಿಡುವ ಭಾಗಗಳು.

ಇಂಟೆಲ್‌ನ ಆರು ಮತ್ತು ಏಳನೆಯ ತಲೆಮಾರಿನ ಪ್ರೊಸೆಸರುಗಳಿಗೆ ಎಲ್‌ಜಿಎ 1151 ಎಂಬ ಸಾಕೆಟ್ ಇತ್ತು. 2017ರಲ್ಲಿ ಎಂಟನೆಯ ತಲೆಮಾರು ಬಂತು. ಅದಕ್ಕೂ 1151 ಬಿಂದು, ಅದೇ ಅಳತೆ. ಹಳೆಯ ಬೋರ್ಡಿನಲ್ಲಿಟ್ಟು ಸನ್ನೆ ಒತ್ತಿದರೆ ಒಂದಿಷ್ಟೂ ತಕರಾರಿಲ್ಲದೆ ಕೂರುತ್ತದೆ. ಕೆಲಸ ಮಾತ್ರ ಮಾಡುವುದಿಲ್ಲ. ಯಾವ ಬಿಂದು ಯಾವ ಕೆಲಸಕ್ಕೆ ಎಂಬ ಹಂಚಿಕೆಯನ್ನು ಬದಲಿಸಿದ್ದರು. ಅದಕ್ಕೆ 300 ಸರಣಿಯ ಚಿಪ್‌ಸೆಟ್ಟಿನ ಬೋರ್ಡೇ ಬೇಕು. ಸೆಕೆಂಡ್‌ಹ್ಯಾಂಡ್ ಮಾಲು ಹುಡುಕುವವರು ಇವತ್ತಿಗೂ ಇಲ್ಲಿ ಮುಗ್ಗರಿಸುತ್ತಾರೆ. ಎಎಂಡಿ ಕಡೆಯ ತೊಡಕು ಇನ್ನೊಂದು ಬಗೆಯದು. 2018ರ ಬಿ450 ಬೋರ್ಡಿಗೂ 2020ರ ರೈಜನ್ 5000 ಸರಣಿಗೂ ಸಾಕೆಟ್ ಒಂದೇ, ನಿಜವಾಗಿಯೂ ಹೊಂದುತ್ತವೆ. ಆದರೆ ಬೋರ್ಡನ್ನು ಎಬ್ಬಿಸುವ ತಂತ್ರಾಂಶವಾದ ಬಯೋಸ್ ಹಳೆಯದಾಗಿದ್ದರೆ ಅದಕ್ಕೆ ಈ ಹೊಸಬನ ಪರಿಚಯವಿಲ್ಲ. ಪರಿಚಯ ಮಾಡಿಸಲು ಬಯೋಸ್ ಹೊಸದಾಗಿಸಬೇಕು, ಅದಕ್ಕೆ ಕಂಪ್ಯೂಟರ್ ಶುರುವಾಗಬೇಕು, ಶುರುವಾಗಲು ಪರಿಚಯ ಇರಬೇಕು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸ್ ತುಂಬುವ ಗುಂಡಿ ಕೆಲವು ಬೋರ್ಡುಗಳಲ್ಲಿದೆ. ಮೊದಲ ಸಲ ಕಟ್ಟುವವರು ಬಣ್ಣದ ದೀಪ ಬಿಟ್ಟು ಆ ಗುಂಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಲಾಭ.

ಕೂತು, ಪರಿಚಯವಾದ ಮೇಲೂ ತೊಡಕುಗಳಿವೆ. ರೈಜನ್ 5 5600 ತೆಗೆದುಕೊಂಡರೆ ಪರದೆಯ ಮೇಲೆ ಚಿತ್ರ ಮೂಡಿಸಲು ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು, 5600ಜಿ ಆದರೆ ಬೇಡ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಚಿತ್ರದ ಭಾಗ ಕೆಲಸಕ್ಕಿಲ್ಲ ಎಂದರ್ಥ. ಎಂ.2 ಎಂಬ ಸಣ್ಣ ಸ್ಲಾಟಿನಲ್ಲಿ ಸಾಟಾ ಡ್ರೈವೂ ಕೂರಬಹುದು, ಎನ್‌ವಿಎಂಇ ಡ್ರೈವೂ ಕೂರಬಹುದು. ಆ ಸ್ಲಾಟು ಯಾವುದನ್ನು ಗುರುತಿಸುತ್ತದೆ ಎನ್ನುವುದು ಬೋರ್ಡಿನ ಕೈಪಿಡಿಯಲ್ಲಿ ಮಾತ್ರ ಗೊತ್ತಾಗುತ್ತದೆ. ಕೈಪಿಡಿ ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಮಿಕ್ಸಿಯ ಕೈಪಿಡಿಯನ್ನೇ ಪ್ಲಾಸ್ಟಿಕ್ ಕವರಿನಿಂದ ತೆಗೆಯದೆ ಬೀರುವಿನಲ್ಲಿಡುವ ಜನ ನಾವು.

ಬೆಂಗಳೂರಿನ ಪೂರ್ವ ಭಾಗದಲ್ಲಿ ಓಡಾಡುವಾಗ ಹೊಂದಾಣಿಕೆಯ ಈ ವಿಷಯ ಹಳಿಗಳ ರೂಪದಲ್ಲೂ ಎದುರಾಗುತ್ತದೆ. 1864ರಲ್ಲಿ ಮದ್ರಾಸಿನ ಕಡೆಯಿಂದ ದಂಡಿನ ನಿಲ್ದಾಣಕ್ಕೆ, ಅಂದರೆ ಈಗಿನ ಕಂಟೋನ್ಮೆಂಟಿಗೆ, ಮೊದಲ ರೈಲು ಬಂದಾಗ ಹಳಿಗಳ ನಡುವಿನ ಅಗಲ 1676 ಮಿಲಿಮೀಟರ್. ಆಮೇಲೆ ಬೆಂಗಳೂರಿನಿಂದ ಮೈಸೂರಿಗೆ ಸಂಸ್ಥಾನ ಹಾಕಿಸಿ 1882ರ ಹೊತ್ತಿಗೆ ಓಡಿಸಿದ ರೈಲಿನದು 1000 ಮಿಲಿಮೀಟರಿನ ಮೀಟರ್ ಗೇಜ್. ಅದರಲ್ಲಿ ಖರ್ಚು ಕಡಿಮೆ. ಎರಡೂ ಒಳ್ಳೆಯ ರೈಲುಗಳೇ. ಆದರೆ ಮದ್ರಾಸಿನಿಂದ ಬಂದ ವ್ಯಾಗನ್ನು ಮೈಸೂರಿಗೆ ಹೋಗಲಾರದು. ಮೂಟೆಗಳನ್ನು ಇಲ್ಲಿ ಇಳಿಸಬೇಕು, ಹಮಾಲರ ಬೆನ್ನ ಮೇಲೆ ಇನ್ನೊಂದು ರೈಲಿಗೆ ಏರಿಸಬೇಕು. ಈ ಕಡೆ ಬ್ರಿಟಿಷರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಆ ಕಡೆ ಮಹಾರಾಜರ ಪೇಟೆ. ಆಡಳಿತವೂ ಎರಡು, ಪುರಸಭೆಗಳೂ ಎರಡು. ಪುರಸಭೆಗಳು 1949ರಲ್ಲಿ ಒಂದಾದವು. ಮೈಸೂರಿನ ಹಳಿ ಅಗಲವಾಗಲು 1990ರ ದಶಕ ಬರಬೇಕಾಯಿತು. ಮನುಷ್ಯರು ಮಾಡಿಕೊಂಡ ಏರ್ಪಾಡಿಗಿಂತ ಕಬ್ಬಿಣದ ಏರ್ಪಾಡನ್ನು ಬದಲಿಸುವುದು ತಡ.

ಆದರೂ ಆ ಎರಡು ಅಳತೆಗಳಿಂದ ಗಾಡಿ ಉರುಳಿಬೀಳುವ ಭಯವಿರಲಿಲ್ಲ. ವ್ಯತ್ಯಾಸ ಅರ್ಧ ಮೀಟರಿಗೂ ಹೆಚ್ಚಿತ್ತು, ಯಾರ ಕಣ್ಣಿಗೂ ಮರೆಯಾಗುವಂಥದ್ದಲ್ಲ. ಇವತ್ತು ಬೈಯಪ್ಪನಹಳ್ಳಿಯಲ್ಲಿ, ಕೆ.ಆರ್. ಪುರದಲ್ಲಿ ರೈಲ್ವೆಯ 1676 ಮಿಲಿಮೀಟರಿನ ಹಳಿಗೆ ಹತ್ತಿರದಲ್ಲೇ ಮೆಟ್ರೊದ 1435 ಮಿಲಿಮೀಟರಿನ ಹಳಿ ಹಾದುಹೋಗುತ್ತದೆ. ಯಾರಿಗೂ ಅದರಿಂದ ತೊಂದರೆಯಿಲ್ಲ. ಒಂದರಿಂದ ಇನ್ನೊಂದಕ್ಕೆ ದಾಟಬೇಕಾದವರು ಪ್ರಯಾಣಿಕರು, ಅವರಿಗೆ ಕಾಲುಗಳಿವೆ. ಅದೇ ಮೆಟ್ರೊ 2023ರ ಮಾರ್ಚ್ ಕೊನೆಯಲ್ಲಿ ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೆ ಓಡತೊಡಗಿದಾಗ, ಅಲ್ಲಿಂದ ಬೈಯಪ್ಪನಹಳ್ಳಿಯವರೆಗಿನ ಸುಮಾರು ಎರಡು ಕಿಲೋಮೀಟರ್ ಇನ್ನೂ ಆಗಿರಲಿಲ್ಲ. ಬೆನ್ನಿಗಾನಹಳ್ಳಿಯಲ್ಲಿ ರೈಲ್ವೆ ಹಳಿಗಳ ಮೇಲೆ ಹಾದುಹೋಗುವ ಸೇತುವೆಯ ಕೆಲಸ ಬಾಕಿ. ಎರಡೂ ಬದಿಗೆ ಹಳಿಯ ಅಗಲ ಒಂದೇ, ವಿದ್ಯುತ್ ಒಂದೇ, ಬೋಗಿಗಳು ಒಂದೇ ನಮೂನೆ. ಜನ ಮಾತ್ರ ನಡುವೆ ಇಳಿದು ಬಸ್ಸು ಹತ್ತಬೇಕಿತ್ತು. ಅಕ್ಟೋಬರ್ 9ರಂದು ಆ ತುಂಡು ತೆರೆದ ಮೇಲೆಯೇ ಅದು ಒಂದು ಮಾರ್ಗವಾಯಿತು. ದುಬಾರಿ ಪ್ರೊಸೆಸರು, ದುಬಾರಿ ಕಾರ್ಡು ತಂದು ಕ್ಯಾಬಿನೆಟ್ಟಿನೊಳಗೆ ಕಾರ್ಡಿನ ಉದ್ದಕ್ಕೆ ಜಾಗವಿಲ್ಲದೆ, ಕೂಲರಿನ ಎತ್ತರಕ್ಕೆ ಬಾಗಿಲು ಮುಚ್ಚದೆ ಕೂತವರ ಅವಸ್ಥೆ ಇದೇ.

ಇಷ್ಟಾದರೂ ಬೇರೆಬೇರೆ ಕಂಪನಿಗಳ ಭಾಗಗಳು ಒಂದು ಪೆಟ್ಟಿಗೆಯೊಳಗೆ ಸೇರಿ ಕೆಲಸ ಮಾಡುತ್ತವೆ ಎನ್ನುವುದು ನನಗೆ ಇಂದಿಗೂ ಆಶ್ಚರ್ಯ. ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐಟಿಐ ಕಾರ್ಖಾನೆಯಲ್ಲಿ ಫೋನು, ಎಕ್ಸ್‌ಚೇಂಜು ಎರಡೂ ತಯಾರಾಗುತ್ತಿದ್ದವು, ಕೊಳ್ಳುವ ಇಲಾಖೆಯೂ ಒಂದೇ. ಹಾಗಿದ್ದಾಗ ಹೊಂದುತ್ತದೋ ಇಲ್ಲವೋ ಎಂಬ ಚಿಂತೆ ಗ್ರಾಹಕನದಲ್ಲ. ಕಂಪ್ಯೂಟರಿನ ಕಥೆ ಹಾಗಲ್ಲ. 1995ರಲ್ಲಿ ಇಂಟೆಲ್ ಮುಂದಿಟ್ಟ ಎಟಿಎಕ್ಸ್ ಮಾನದಂಡ ಬೋರ್ಡಿನ ಅಳತೆ 305 x 244 ಮಿಲಿಮೀಟರ್ ಎಂದಿತು, ಸ್ಕ್ರೂ ಎಲ್ಲಿ ಬರಬೇಕು, ಬೋರ್ಡಿಗೆ ಬರುವ ವಿದ್ಯುತ್ತಿನ ಯಾವ ತಂತಿಯಲ್ಲಿ ಎಷ್ಟು ವೋಲ್ಟ್ ಇರಬೇಕು ಎಂದು ಗೊತ್ತುಮಾಡಿತು. ಮಾರುಕಟ್ಟೆಯಲ್ಲಿ ಒಬ್ಬರ ಕಾಲು ಒಬ್ಬರು ಎಳೆಯುವವರು ಇಷ್ಟರ ಮಟ್ಟಿಗೆ ಒಪ್ಪಿಕೊಂಡರು. ತೈವಾನಿನ ಬೋರ್ಡು, ಕೊರಿಯಾದ ಮೆಮೊರಿ, ಚೀನಾದ ಕ್ಯಾಬಿನೆಟ್ಟು ಹಲಸೂರಿನ ಒಂದು ಕೋಣೆಯಲ್ಲಿ ಕೂಡುವುದು ಆ ಒಪ್ಪಿಗೆಯ ಬಲದಿಂದ. ಒಪ್ಪಿಗೆ ಎಲ್ಲಿ ಮುಗಿಯುತ್ತದೋ ಅಲ್ಲಿಂದಾಚೆಗೆ ನಮ್ಮ ಎಚ್ಚರವೇ ನಮಗೆ ಗತಿ.

ಹೊಸಬರ ಪಟ್ಟಿಯಲ್ಲಿ ಪವರ್ ಸಪ್ಲೈ, ಪೇಟೆಯವರು ಹೇಳುವ ಎಸ್‌ಎಂಪಿಎಸ್, ಯಾವಾಗಲೂ ಕೊನೆಯ ಸಾಲಿನಲ್ಲಿರುತ್ತದೆ. ಉಳಿದ ದುಡ್ಡಿನಲ್ಲಿ ಬರುವುದು ಅದು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದರಂತೂ ಪರಮಾನಂದ. ಅದನ್ನು ಪಟ್ಟಿಯ ಮೇಲ್ಭಾಗಕ್ಕೆ ತರಬೇಕೆಂಬುದು ನನ್ನ ಹಟ. ಉಳಿದೆಲ್ಲ ಭಾಗಗಳೂ ಉಸಿರಾಡುವುದು ಅದರ ಮೂಲಕ. ಮೇಲಿನ ‘80 ಪ್ಲಸ್’ ಮುದ್ರೆ ಎಷ್ಟು ವಿದ್ಯುತ್ ವ್ಯರ್ಥವಾಗುತ್ತದೆ ಎಂಬುದರ ಅಳತೆಯೇ ಹೊರತು ಅದು ಎಷ್ಟು ವರ್ಷ ಬಾಳುತ್ತದೆ ಎಂಬ ಭರವಸೆಯಲ್ಲ. ಅದರಾಚೆ ಮನೆಯ ಗೋಡೆಯೂ ಒಂದು ಬಿಡಿಭಾಗವೇ. ಹಲಸೂರಿನ, ಶಿವಾಜಿನಗರದ ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಕಂಡರೂ ಹಿಂದೆ ಅರ್ಥಿಂಗ್ ತಂತಿ ಇಲ್ಲದಿರುವುದುಂಟು. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಂ ಎಂದರೆ ಮೊದಲು ಕರೆಯಬೇಕಾದದ್ದು ಎಲೆಕ್ಟ್ರಿಷಿಯನ್ನನ್ನು. ಇಲ್ಲೂ ಅದೇ ವಿಚಾರ: ಮೂರು ಕಡ್ಡಿಯ ಪ್ಲಗ್ಗು ಅಂದವಾಗಿ ಕೂತಿರುತ್ತದೆ.

ಈಗ ಕೇಬಲ್ಲಿನ ವಿಷಯ. ಮಾಡ್ಯುಲರ್ ಎನ್ನುವ ಬಗೆಯ ಪವರ್ ಸಪ್ಲೈಗಳಲ್ಲಿ ಕೇಬಲ್ಲುಗಳನ್ನು ಎರಡೂ ತುದಿಯಲ್ಲಿ ಬಿಚ್ಚಬಹುದು. ಬೋರ್ಡಿಗೂ ಡಿಸ್ಕಿಗೂ ಸೇರುವ ತುದಿಗೆ ಮಾನದಂಡವಿದೆ. ಸಪ್ಲೈ ಪೆಟ್ಟಿಗೆಗೆ ಸೇರುವ ತುದಿಗೆ ಇಲ್ಲ. ಅಲ್ಲಿ ಯಾವ ತೂತಿನಲ್ಲಿ 12 ವೋಲ್ಟ್, ಯಾವುದರಲ್ಲಿ 5 ವೋಲ್ಟ್ ಎನ್ನುವುದು ಪ್ರತಿ ತಯಾರಕರ ಇಷ್ಟ. ಒಬ್ಬರದೇ ಎರಡು ಮಾದರಿಗಳಲ್ಲೂ ಬೇರೆ ಇರಬಹುದು. ಕನೆಕ್ಟರಿನ ಆಕಾರ ಮಾತ್ರ ಎಷ್ಟೋ ಸಲ ಒಂದೇ. ಹಳೆಯ ಸಪ್ಲೈ ತೆಗೆದು ಹೊಸದು ಕೂರಿಸುವವರು, ಕಷ್ಟಪಟ್ಟು ಓರಣವಾಗಿ ಎಳೆದಿಟ್ಟ ಕೇಬಲ್ಲುಗಳನ್ನು ಯಾಕೆ ಕೀಳಬೇಕೆಂದು ಹಾಗೇ ಬಿಟ್ಟು ಹೊಸ ಪೆಟ್ಟಿಗೆಗೆ ಸಿಕ್ಕಿಸುತ್ತಾರೆ. ಟಕ್ ಎಂದು ಕೂರುತ್ತದೆ. ಸ್ವಿಚ್ ಒತ್ತಿದ ಕ್ಷಣ 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋಗುತ್ತದೆ. ಎಷ್ಟೋ ವರ್ಷದ ಫೋಟೋಗಳಿದ್ದ ಡಿಸ್ಕು ಸುಡಲು ಅಷ್ಟು ಸಾಕು. ಎಲ್ಲ ಭಾಗಗಳೂ ಒಳ್ಳೆಯವು, ಎಲ್ಲವೂ ಬಿಲ್ಲಿನ ಸಮೇತ ತಂದವು, ಒಂದನ್ನೂ ಬಲವಂತವಾಗಿ ತುರುಕಿದ್ದಲ್ಲ.

ಆದ್ದರಿಂದ ಕಟ್ಟುವ ಉತ್ಸಾಹದಲ್ಲಿರುವವರಲ್ಲಿ ಒಂದು ವಿನಂತಿ. ಬೋರ್ಡಿನ ಕಂಪನಿ ಪ್ರಕಟಿಸುವ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರಿನ ಹೆಸರು, ಅದಕ್ಕೆ ಬೇಕಾದ ಬಯೋಸ್ ಆವೃತ್ತಿ ಇದೆಯೇ ಎಂದು ದುಡ್ಡು ಕೊಡುವ ಮುಂಚೆಯೇ ನೋಡಿಕೊಳ್ಳಿ. ಪವರ್ ಸಪ್ಲೈ ಬದಲಿಸುವ ದಿನ ಹಳೆಯದರ ಕೇಬಲ್ಲುಗಳನ್ನು ಒಂದೂ ಬಿಡದೆ ಕಿತ್ತು, ಹಳೆಯ ಪೆಟ್ಟಿಗೆಗೇ ದಾರ ಸುತ್ತಿ ಕಟ್ಟಿ, ಮೇಲೊಂದು ಚೀಟಿ ಅಂಟಿಸಿಡಿ.